ಜುಲಾಬಿನ ನೀರು ನೆತ್ತಿಗೆ ಹತ್ತಿದರೆ

ಊಟದ ನಡುವೆ ನೀರು ನೆತ್ತಿಗೆ ಹತ್ತಿದರೆ ನಾವು ತಲೆ ತಟ್ಟುತ್ತೇವೆ. 'ಯಾರೋ ನೆನೆಸಿಕೊಳ್ತಿದ್ದಾರೆ' ಅನ್ನುತ್ತೇವೆ. ನಾಲ್ಕು ಸಲ ಕೆಮ್ಮಿದರೆ ಸರಿಹೋಗುತ್ತದೆ. ನಿಜವಾಗಿ ಆ ನೀರು ಹೋದದ್ದು ನೆತ್ತಿಗಲ್ಲ, ಉಸಿರಿನ ದಾರಿಗೆ. ಗಟ್ಟಿಮುಟ್ಟಾಗಿರುವವರ ಕೆಮ್ಮಿಗೆ ಅದನ್ನು ಹೊರದಬ್ಬುವ ಕಸುವಿರುತ್ತದೆ. ಒಳಗೆ ಉಳಿದ ಒಂದೆರಡು ಹನಿಯನ್ನು ಶ್ವಾಸಕೋಶವೇ ಹೀರಿಕೊಂಡುಬಿಡುತ್ತದೆ.

ಎಲ್ಲ ನೀರೂ ಹಾಗಲ್ಲ. ಕೊಲೊನೋಸ್ಕೋಪಿಗೆ, ಅಂದರೆ ದುರ್ಬೀನು ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೆ, ಮುಂಚೆ ಕರುಳು ತೊಳೆಯಲು ಕುಡಿಸುವ ಔಷಧ ನೋಡೋದಕ್ಕೆ ನೀರಿನ ಹಾಗೇ ಇರುತ್ತದೆ. ಅದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಮಾತ್ರ ನೀರಿನ ಹಾಗೆ ನಡೆದುಕೊಳ್ಳುವುದಿಲ್ಲ. ಕೆಲವೇ ಗಂಟೆಗಳಲ್ಲಿ ರೋಗಿ ಐಸಿಯು ಸೇರಬಹುದು. ಇದು ಆಗುವುದು ತೀರಾ ಅಪರೂಪ. ಆದರೆ ಆದಾಗ ಬಹಳ ಸಲ ಗುರುತೇ ಸಿಗುವುದಿಲ್ಲ. ಅದಕ್ಕೇ ಈ ಬರಹ.

ಒಂದು ವಾರ್ಡ್ ನೆನೆಸಿಕೊಳ್ಳಿ. ರಾತ್ರಿ ಹತ್ತು ಗಂಟೆ. ಎಂಬತ್ತರ ಆಸುಪಾಸಿನ ಹಿರಿಯರು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿದೆ. ಮಲದಲ್ಲಿ ರಕ್ತ ಕಾಣಿಸಿದ್ದಕ್ಕೆ ನಾಳೆ ಬೆಳಿಗ್ಗೆ ಕೊಲೊನೋಸ್ಕೋಪಿ. ಪಕ್ಕದಲ್ಲಿ ಮಗಳು ಲೋಟ ಹಿಡಿದು ಕೂತಿದ್ದಾಳೆ. 'ಇನ್ನೊಂದೇ ಲೋಟ ಅಪ್ಪಾ, ಕುಡಿದುಬಿಡಿ, ಇಲ್ಲಾಂದ್ರೆ ನಾಳೆ ಟೆಸ್ಟ್ ಮಾಡೋಲ್ಲವಂತೆ.' ಅಪ್ಪ ಅರೆನಿದ್ದೆಯಲ್ಲಿದ್ದಾರೆ. ತಲೆ ದಿಂಬಿನ ಮೇಲಿದೆ. ಎಲ್ಲರ ಭಯ ನಾಳೆಯ ಪರೀಕ್ಷೆಯ ಬಗ್ಗೆ. ಈ ಲೋಟದ ಬಗ್ಗೆ ಯಾರಿಗೂ ಭಯವಿಲ್ಲ. ನನ್ನ ಮಾತೆಲ್ಲ ಈ ಲೋಟದ ಬಗ್ಗೆ.

ಲೋಟದಲ್ಲಿ ಏನಿದೆ

ಈ ಔಷಧದ ಮುಖ್ಯ ವಸ್ತು ಪಾಲಿಎಥಿಲೀನ್ ಗ್ಲೈಕಾಲ್. ಪಿಇಜಿ ಎಂದು ಕರೆಯುತ್ತಾರೆ. ಒಂದಕ್ಕೊಂದು ಪೋಣಿಸಿದ ಉದ್ದ ಸರದಂಥ ಅಣು. ಕರುಳಿನ ಗೋಡೆ ದಾಟಿ ರಕ್ತಕ್ಕೆ ಹೋಗಲಾರದಷ್ಟು ದೊಡ್ಡದು. ಹಾಗಾಗಿ ಅದು ಕರುಳಿನೊಳಗೇ ಉಳಿಯುತ್ತದೆ, ತನ್ನ ಜೊತೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರೇ ಕರುಳನ್ನು ತೊಳೆದುಕೊಂಡು ಹೊರಗೆ ಬರುತ್ತದೆ. ದೇಹದ ಉಪ್ಪಿನಂಶ ಏರುಪೇರಾಗದಿರಲಿ ಎಂದು ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನೂ ಸೇರಿಸಿರುತ್ತಾರೆ. 1980ರಲ್ಲಿ ಅಮೆರಿಕದ ವೈದ್ಯರು ಈ ಮಿಶ್ರಣವನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ ದಿನಗಟ್ಟಲೆ ಪಥ್ಯ, ಹರಳೆಣ್ಣೆ, ಮೇಲಿಂದ ಮೇಲೆ ಎನಿಮಾ ಅಂತ ರೋಗಿ ಬಸವಳಿದು ಹೋಗುತ್ತಿದ್ದ. ಹೃದಯ, ಕಿಡ್ನಿ ದುರ್ಬಲವಾಗಿರುವವರಿಗೂ ಕೊಡಬಹುದಾದ ಒಳ್ಳೆಯ ಔಷಧ ಇದು. ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಇರುವುದು ಪ್ರಮಾಣದಲ್ಲಿ. ಮೂಲ ಲೆಕ್ಕ 4 ಲೀಟರ್. ಹತ್ತು ನಿಮಿಷಕ್ಕೆ 240 ಮಿಲಿಲೀಟರ್‌ನಂತೆ, ಅಂದರೆ ಒಂದು ದೊಡ್ಡ ಲೋಟದಂತೆ, ಕುಡಿಯುತ್ತ ಹೋಗಬೇಕು. ನಮ್ಮ ಕಡೆ ಮೆಡಿಕಲ್ ಶಾಪಿನಲ್ಲಿ ಸಿಗುವ ಪುಡಿಯ ಪ್ಯಾಕೆಟ್ಟನ್ನು ಸಾಮಾನ್ಯವಾಗಿ 2 ಲೀಟರ್ ನೀರಿಗೆ ಕಲಸಿಕೊಡುತ್ತಾರೆ. ಉಪ್ಪುಪ್ಪು ರುಚಿ, ಸ್ವಲ್ಪ ಜಿಡ್ಡು. ಮೂರನೇ ಲೋಟಕ್ಕೇ ಹೊಟ್ಟೆ ಉಬ್ಬರಿಸುತ್ತದೆ, ಓಕರಿಕೆ ಬರುತ್ತದೆ. ವಾಂತಿಯಾದಾಗ ತಲೆ ಎತ್ತಿ ಕೆಮ್ಮುವ ಶಕ್ತಿ ಇದ್ದವರು ಪಾರಾಗುತ್ತಾರೆ. ಇಲ್ಲದವರ ಗಂಟಲಿನಿಂದ ಅದು ನೇರ ಶ್ವಾಸನಾಳಕ್ಕೆ ಜಾರುತ್ತದೆ. ವೈದ್ಯರು ಇದನ್ನು ಆಸ್ಪಿರೇಷನ್ ಅನ್ನುತ್ತಾರೆ.

ಶ್ವಾಸಕೋಶದ ಪುಟ್ಟ ಗಾಳಿಚೀಲಗಳಿಗೆ ಹೋದ ಮೇಲೂ ಪಿಇಜಿ ತನ್ನ ಗುಣ ಬಿಡುವುದಿಲ್ಲ. ಜೊತೆಗೆ ಬಂದ ನೀರು, ಉಪ್ಪು ರಕ್ತಕ್ಕೆ ಹೀರಿಹೋಗಬಹುದು. ಪಿಇಜಿ ಮಾತ್ರ ಅಲ್ಲೇ ಕೂತುಬಿಡುತ್ತದೆ. ಕರುಳಿನಲ್ಲಿ ನೀರನ್ನು ಹಿಡಿದಿಟ್ಟ ಹಾಗೆ ಇಲ್ಲೂ ಹಿಡಿದಿಡುತ್ತದೆ. ಅದರ ಜೊತೆ ಹೊಟ್ಟೆಯ ಆಮ್ಲವೂ ಸೇರಿಬಂದಿದ್ದರೆ ಗಾಳಿಚೀಲದ ತೆಳುಗೋಡೆ ಸುಡುತ್ತದೆ. ಸುಟ್ಟ ಗೋಡೆಯಿಂದ ರಕ್ತದ ದ್ರವ ಒಳಗೆ ಸೋರುತ್ತದೆ. ಗಾಳಿ ಇರಬೇಕಾದ ಜಾಗದಲ್ಲಿ ನೀರು ತುಂಬಿಕೊಂಡಾಗ ಆಕ್ಸಿಜನ್ ರಕ್ತಕ್ಕೆ ಸೇರುವುದು ಹೇಗೆ? ಇದು ಜೋರಾಗಿ, ಎರಡೂ ಕಡೆಯ ಶ್ವಾಸಕೋಶಕ್ಕೆ ಹಬ್ಬಿದರೆ ಅದಕ್ಕೆ ಎಆರ್‌ಡಿಎಸ್ ಎಂದು ಹೆಸರು. ಕೋವಿಡ್ ಕಾಲದಲ್ಲಿ ಈ ಹೆಸರು ನಮ್ಮೆಲ್ಲರ ಕಿವಿಗೂ ಬಿದ್ದಿತ್ತು.

ಇದಕ್ಕೆ ಹತ್ತಿರದ ಒಂದು ಸಂಗತಿ ನಮ್ಮ ಮನೆಗಳಲ್ಲೇ ಇದೆ. ಹೊಟ್ಟೆ ಶುದ್ಧವಾಗಲಿ ಅಂತ ಹಸುಗೂಸಿಗೆ ಒಳಲೆಯಲ್ಲಿ ಹರಳೆಣ್ಣೆ ಕುಡಿಸುವ ರೂಢಿ. ಕಾಲಿನ ಮೇಲೆ ಅಂಗಾತ ಮಲಗಿಸಿಕೊಂಡು, ಅಳುತ್ತಿರುವ ಮಗುವಿನ ಬಾಯಿಗೆ ಎಣ್ಣೆ ಬಿಡುತ್ತಾರೆ. ಮಗು ಅಳುವಾಗ ಜೋರಾಗಿ ಉಸಿರೆಳೆದುಕೊಳ್ಳುತ್ತದೆ. ಎಣ್ಣೆಯೂ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಎಣ್ಣೆಯನ್ನು ಶ್ವಾಸಕೋಶ ಸುಲಭಕ್ಕೆ ಹೊರಹಾಕಲಾರದು, ಅದು ಅಲ್ಲೇ ಉಳಿದು ಲಿಪಾಯ್ಡ್ ನ್ಯುಮೋನಿಯಾ ಆಗುತ್ತದೆ. ದಕ್ಷಿಣ ಭಾರತದ ಮಕ್ಕಳ ವೈದ್ಯರಿಗೆ ಇದು ಹಳೆಯ ತಲೆನೋವು. ಔಷಧ ಬೇರೆ, ವಯಸ್ಸು ಬೇರೆ. ಆದರೆ ಮಲಗಿಸಿ, ಒತ್ತಾಯ ಮಾಡಿ, ಹೊಟ್ಟೆ ಶುದ್ಧಿಯ ಔಷಧ ಕುಡಿಸುವುದು ಎರಡು ಕಡೆಯೂ ಒಂದೇ.

ಯಾರಿಗೆ ಹೀಗಾಗುತ್ತದೆ

ಮೊದಲೇ ಸಮಾಧಾನದ ಮಾತು ಹೇಳುತ್ತೇನೆ. ಅಮೆರಿಕದಲ್ಲಿ ಮೆಡಿಕೇರ್ ವಿಮೆ ಇದ್ದ ಹಿರಿಯರ 1,65,527 ಕೊಲೊನೋಸ್ಕೋಪಿಗಳ ದಾಖಲೆ ನೋಡಿ 2013ರಲ್ಲಿ ಒಂದು ಅಧ್ಯಯನ ಬಂತು. ಅರಿವಳಿಕೆ ತಜ್ಞರು ಇದ್ದ ಕಡೆ ನೂರಕ್ಕೆ 0.14, ಇಲ್ಲದ ಕಡೆ ನೂರಕ್ಕೆ 0.10 ಮಂದಿಗೆ ಆಸ್ಪಿರೇಷನ್ ನ್ಯುಮೋನಿಯಾ ಆಗಿತ್ತು. ಅಂದರೆ ಸಾವಿರಕ್ಕೆ ಒಬ್ಬರು, ಸ್ವಲ್ಪ ಜಾಸ್ತಿ. ಅದರಲ್ಲೂ ಔಷಧದ ನೀರೇ ಶ್ವಾಸಕೋಶಕ್ಕೆ ಹೋಗಿ ಎಆರ್‌ಡಿಎಸ್ ಆಗುವುದು ಇನ್ನೂ ಅಪರೂಪ. ನಲವತ್ತೈದರ, ಐವತ್ತರ ಆರೋಗ್ಯವಂತರು ಇದನ್ನು ಓದಿ ಕೊಲೊನೋಸ್ಕೋಪಿ ಮುಂದೂಡಬಾರದು. ಕರುಳಿನ ಕ್ಯಾನ್ಸರ್ ಬೇಗ ಸಿಕ್ಕರೆ ಗುಣವಾಗುತ್ತದೆ.

ಅಪಾಯ ಎಲ್ಲರಿಗೂ ಸಮನಾಗಿಲ್ಲ. ಸ್ಟ್ರೋಕ್, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವವರಿಗೆ ನುಂಗುವ ಸ್ನಾಯುಗಳ ಹಿಡಿತ ತಪ್ಪಿರುತ್ತದೆ. ಇವರಲ್ಲಿ ಕೆಲವರಿಗೆ ನೀರು ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬರುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಹಳೆಯ ಸಕ್ಕರೆ ಕಾಯಿಲೆಯವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಮಲಬದ್ಧತೆ ಜಾಸ್ತಿ ಇದ್ದರೆ ಕುಡಿದದ್ದು ಮುಂದೆ ಹೋಗದೆ ಮೇಲಕ್ಕೆ ಬರುತ್ತದೆ. ಕರುಳು ಕಟ್ಟಿಕೊಂಡಿದ್ದರಂತೂ ಈ ಔಷಧ ಕೊಡಲೇಬಾರದು. ಲಿವರ್ ಕೆಟ್ಟು ಪ್ರಜ್ಞೆ ಮಂಕಾದವರ ವಿಷಯ ಇನ್ನೂ ಸೂಕ್ಷ್ಮ. ಅವರಿಗೆ ಮಾಮೂಲಾಗಿ ಕೊಡುವ ಲ್ಯಾಕ್ಟುಲೋಸ್ ಎಂಬ ಜುಲಾಬಿನ ಬದಲು 4 ಲೀಟರ್ ಪಿಇಜಿ ಕೊಟ್ಟರೆ ಬೇಗ ಎಚ್ಚರವಾಗುತ್ತದೆ ಎಂದು 2014ರಲ್ಲಿ 50 ರೋಗಿಗಳ ಒಂದು ಅಧ್ಯಯನ ತೋರಿಸಿತು. ಲಾಭ ನಿಜ. ಆದರೆ ಮಂಪರಿನಲ್ಲಿರುವವರ ಹೊಟ್ಟೆಗೆ 4 ಲೀಟರ್ ಬಿಡುವಾಗ ಕಣ್ಣು ಮಿಟುಕಿಸದೆ ಕಾಯುವ ಒಬ್ಬರು ಬೇಕಲ್ವಾ?

ಈಗ ಇನ್ನೊಂದು ಗುಂಪು ಸೇರಿಕೊಂಡಿದೆ. ತೂಕ ಇಳಿಸಲು, ಸಕ್ಕರೆ ಹತೋಟಿಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತೆಗೆದುಕೊಳ್ಳುವವರು. ಇವುಗಳ ಬ್ರಾಂಡುಗಳಾದ ಮೌಂಜಾರೊ, ವೆಗೋವಿ ಎರಡೂ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಬೆಂಗಳೂರಿನಂಥ ಊರಿನಲ್ಲಿ ಈಗ ಇದು ಮನೆಮಾತು. ಈ ಔಷಧಗಳು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ನವೆಂಬರ್‌ನಲ್ಲಿ ಇವುಗಳ ಲೇಬಲ್ಲಿಗೆ ಸೇರಿಸಿತು. ಎಲ್ಲರೂ ನಿಲ್ಲಿಸಲೇಬೇಕು ಅಂತಿಲ್ಲ. ಆದರೆ ಈ ಇಂಜೆಕ್ಷನ್ ತಗೋತಿದ್ದೀನಿ ಎಂದು ವೈದ್ಯರಿಗೆ ಹೇಳಲೇಬೇಕು. ಬಹಳ ಜನ ಸಂಕೋಚಕ್ಕೆ ಹೇಳುವುದಿಲ್ಲ.

ಬಾಯಿಂದ ಕುಡಿಯಲಾರದವರಿಗೆ ಮೂಗಿನಿಂದ ಹೊಟ್ಟೆಗೆ ಕೊಳವೆ ಹಾಕಿ ಔಷಧ ಬಿಡುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಅದಕ್ಕೆ ರೈಲ್ಸ್ ಟ್ಯೂಬ್ ಅನ್ನುತ್ತಾರೆ. ಟ್ಯೂಬ್ ಹಾಕಿದ ಮೇಲೆ ಇನ್ನೇನು ಭಯ ಎಂದು ಅನಿಸುವುದು ಸಹಜ. ಅದು ತಪ್ಪು. ಟ್ಯೂಬಿನಲ್ಲಿ ನಿಮಿಷಕ್ಕೆ 20ರಿಂದ 30 ಮಿಲಿಲೀಟರ್ ಬಿಡುವ ಲೆಕ್ಕವಿದೆ, ಗಂಟೆಗೆ ಒಂದೂಕಾಲು ಲೀಟರಿಗೂ ಮೇಲೆ ಹೋಗಬಹುದು. ಮಕ್ಕಳಿಗೆ ಕೆಜಿ ತೂಕಕ್ಕೆ ಗಂಟೆಗೆ 25 ಮಿಲಿಲೀಟರ್. 20 ಕೆಜಿಯ ಮಗುವಿಗೆ ಗಂಟೆಗೆ ಅರ್ಧ ಲೀಟರ್ ಆಯಿತು. ಬಾಯಲ್ಲಿ ಕುಡಿಯುವವರು ಸಾಕು ಎಂದು ನಿಲ್ಲಿಸುತ್ತಾರೆ. ಟ್ಯೂಬಿನಲ್ಲಿ ಹೋಗುವಾಗ ಹಾಗೆ ನಿಲ್ಲಿಸುವವರಿಲ್ಲ. ಇನ್ನು ಟ್ಯೂಬ್ ಹೊಟ್ಟೆಗೆ ಹೋಗದೆ ಶ್ವಾಸನಾಳಕ್ಕೇ ಹೋಗಿದ್ದರೆ? ಹೀಗಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ಮಕ್ಕಳದ್ದೂ ಸೇರಿ. ಟ್ಯೂಬಿಗೆ ಗಾಳಿ ಬಿಟ್ಟು ಹೊಟ್ಟೆ ಮೇಲೆ ಸ್ಟೆತೊಸ್ಕೋಪ್ ಇಟ್ಟು ಗುಳುಗುಳು ಸದ್ದು ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ನಂಬಬೇಡಿ ಎಂದು ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲೇ ಹೇಳಿತ್ತು. ಟ್ಯೂಬಿನಿಂದ ಎಳೆದ ದ್ರವದ ಪಿಎಚ್ (ಆಮ್ಲದ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇಲ್ಲವೇ ಎಕ್ಸ್‌ರೇ ತೆಗೆದು ತುದಿ ಎಲ್ಲಿದೆ ನೋಡಬೇಕು. ಲೀಟರುಗಟ್ಟಲೆ ಔಷಧ ಬಿಡುವ ಮುಂಚೆ ಒಂದು ಎಕ್ಸ್‌ರೇ ದುಬಾರಿಯಲ್ಲ.

ಇನ್ನೊಂದು ವಿಷಯ ಗೊತ್ತಿರುವವರು ಕಡಿಮೆ. ನುಂಗಲು ಕಷ್ಟ ಇರುವವರಿಗೆ ನೀರನ್ನು ಗಟ್ಟಿ ಮಾಡಿ ಕೊಡುವ ಪಿಷ್ಟದ ಪುಡಿಗಳಿವೆ. ಅಂಬಲಿಯ ಹದಕ್ಕೆ ಬಂದ ನೀರು ಗಂಟಲಲ್ಲಿ ನಿಧಾನಕ್ಕೆ ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಅದೇ ಪುಡಿಯನ್ನು ಪಿಇಜಿ ನೀರಿಗೆ ಹಾಕಿದರೆ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ, ಮತ್ತೆ ತೆಳ್ಳಗಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಈ ಬಗ್ಗೆ ಎಚ್ಚರಿಸಿತು. ಒಳ್ಳೆಯದಾಗಲಿ ಎಂದು ಮಾಡಿದ್ದೇ ಅಪಾಯ ತರುತ್ತದೆ. ಪಿಷ್ಟದ ಬದಲು ಕ್ಸಾಂಥನ್ ಗಮ್‌ನಿಂದ ಮಾಡಿದ ಪುಡಿಗಳಿವೆ. ಯಾವುದು ಎಂದು ನುಂಗುವಿಕೆಯ ಥೆರಪಿಸ್ಟ್ ಹತ್ತಿರ ಕೇಳಿಯೇ ಬಳಸಬೇಕು.

ಆದಮೇಲೆ ಏನು

ಕುಡಿಯುತ್ತಿರುವಾಗಲೋ ವಾಂತಿಯ ನಂತರವೋ ಕೆಮ್ಮು ನಿಲ್ಲದಿದ್ದರೆ, ದನಿ ಒದ್ದೆಯಾದಂತೆ ಗೊರಗೊರ ಎನ್ನುತ್ತಿದ್ದರೆ, ಉಸಿರಾಟ ಜೋರಾದರೆ ತಕ್ಷಣ ಲೋಟ ಕೆಳಗಿಡಿ. ಟ್ಯೂಬಿದ್ದರೆ ಔಷಧ ನಿಲ್ಲಿಸಿ ಎಂದು ಸಿಸ್ಟರ್‌ಗೆ ಕೂಗಿ ಹೇಳಿ. ಎಚ್ಚರ ಇದ್ದರೆ ನೆಟ್ಟಗೆ ಕೂರಿಸಿ, ಮುಂದಕ್ಕೆ ಬಾಗಿಸಿ, ಕೆಮ್ಮಲು ಬಿಡಿ. ಮಂಪರಿನಲ್ಲಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ. ಗಂಟಲು ಸರಿಹೋಗಲಿ ಎಂದು ಮೇಲೆ ನೀರು ಕುಡಿಸಬೇಡಿ. ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ ಬೆರಳಿಗೆ ಹಾಕಿ. ಆಕ್ಸಿಜನ್ 94ಕ್ಕಿಂತ ಇಳಿದರೆ, ಅಥವಾ ಅಂಕಿ ಚೆನ್ನಾಗಿದ್ದರೂ ಉಸಿರಿಗೆ ಒದ್ದಾಡುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಹೋಗುವಾಗ ಔಷಧದ ಪ್ಯಾಕೆಟ್ಟನ್ನೂ ತಗೊಂಡು ಹೋಗಿ.

ಪ್ಯಾಕೆಟ್ ಯಾಕೆ? ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಇರಲಿ. ಎಕ್ಸ್‌ರೇಯಲ್ಲಿ ಇದು ಕೆಲವೊಮ್ಮೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಎರಡೂ ಕಡೆ ಬೆಳ್ಳಗೆ ಕಾಣುತ್ತದೆ. ಹೃದಯ ಸೋತು ಶ್ವಾಸಕೋಶಕ್ಕೆ ನೀರು ತುಂಬಿದಾಗಲೂ ಚಿತ್ರ ಹೀಗೇ ಇರುತ್ತದೆ. ವಯಸ್ಸಾದ ರೋಗಿ, ಬಿಪಿ ಇದೆ, ಒಮ್ಮೆಗೇ ಉಸಿರು ಕಟ್ಟಿದೆ, ಎಕ್ಸ್‌ರೇ ಹೀಗಿದೆ. ರಾತ್ರಿ ಡ್ಯೂಟಿಯ ವೈದ್ಯರು ಹೃದಯದ ತೊಂದರೆ ಅಂದುಕೊಂಡು ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರೆ ಅದು ಅವರ ತಪ್ಪೂ ಅಲ್ಲ. ಆದರೆ ಕರುಳು ತೊಳೆದು ಮೊದಲೇ ನೀರಿನಂಶ ಕಳೆದುಕೊಂಡ ದೇಹದಿಂದ ಇನ್ನಷ್ಟು ನೀರು ಹೊರಹೋಗಿ ಬಿಪಿ ಕುಸಿಯಬಹುದು. ಮೂಲ ಕಾರಣ ಹಾಗೇ ಉಳಿಯುತ್ತದೆ. 'ಡಾಕ್ಟ್ರೇ, ಕೊಲೊನೋಸ್ಕೋಪಿ ಔಷಧ ಕುಡಿಯುವಾಗ ವಾಂತಿ ಆಯ್ತು, ಆಮೇಲೆ ಹೀಗಾಯ್ತು' ಎಂದು ಪಕ್ಕದಲ್ಲಿ ಕೂತವರು ಹೇಳಿದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ವಾಂತಿಯ ನಂತರ ಎದೆ ಸೀಳಿದಂಥ ನೋವಿದ್ದರೆ ಅದನ್ನೂ ಹೇಳಿ. ಜೋರು ವಾಂತಿಗೆ ಅನ್ನನಾಳ ಹರಿದಿರುವ ಸಾಧ್ಯತೆಯೂ ಇದೆ.

ಆಸ್ಪತ್ರೆಯಲ್ಲಿ ಮೊದಲು ಬಾಯಿ, ಗಂಟಲು ಸಕ್ಷನ್ ಮಾಡಿ ಆಕ್ಸಿಜನ್ ಕೊಡುತ್ತಾರೆ. ಅದು ಸಾಲದಿದ್ದರೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರ್. ಆಮೇಲೆ ಬರುವುದು ಬ್ರಾಂಕೋಸ್ಕೋಪಿ. ತೆಳು ದುರ್ಬೀನನ್ನು ಶ್ವಾಸನಾಳದೊಳಗೆ ಇಳಿಸಿ, ಅಲ್ಲಿರುವ ದ್ರವವನ್ನು ಎಳೆದು ತೆಗೆಯುವುದು. ಬರೀ ಹೊಟ್ಟೆಯ ಆಮ್ಲ ಹೋಗಿದ್ದರೆ ಇದರಿಂದ ಹೆಚ್ಚು ಲಾಭವಿಲ್ಲ. ಆಮ್ಲ ಮಾಡುವ ಹಾನಿ ಕ್ಷಣಗಳಲ್ಲೇ ಆಗಿಹೋಗಿರುತ್ತದೆ, ತೆಗೆಯಲು ಏನೂ ಉಳಿದಿರುವುದಿಲ್ಲ. ಪಿಇಜಿ ಹಾಗಲ್ಲ, ಅದು ಒಳಗೇ ಕೂತಿರುತ್ತದೆ. ಹಾಗಾಗಿ ಬೇಗನೆ ಬ್ರಾಂಕೋಸ್ಕೋಪಿ ಮಾಡಿ ತೆಗೆದರೆ ಆಕ್ಸಿಜನ್ ಮಟ್ಟ ಬೇಗ ಸುಧಾರಿಸಿದ್ದನ್ನು ಹಲವು ವೈದ್ಯರು ದಾಖಲಿಸಿದ್ದಾರೆ. ಇವೆಲ್ಲ ಒಬ್ಬೊಬ್ಬ ರೋಗಿಯ ವರದಿಗಳು. ಇಷ್ಟು ಅಪರೂಪದ ಅವಘಡಕ್ಕೆ ನೂರಾರು ರೋಗಿಗಳ ಹೋಲಿಕೆ ಅಧ್ಯಯನ ಮಾಡಲಾಗುವುದಿಲ್ಲ. ಆದರೂ ಕಾರಣ ಸ್ಪಷ್ಟವಾಗಿದೆ. ರೋಗಿ ತಡೆದುಕೊಳ್ಳುವಂತಿದ್ದರೆ ಮೊದಲ ಕೆಲವು ಗಂಟೆಗಳಲ್ಲೇ ಇದನ್ನು ಯೋಚಿಸಬೇಕು ಎಂಬುದು ನನಗೆ ಸರಿ ಅನಿಸುತ್ತದೆ. ಶ್ವಾಸಕೋಶಕ್ಕೆ ಹೋದದ್ದು ಪಿಇಜಿ ಎಂದು ಗೊತ್ತಿದ್ದರೆ ತಾನೇ ಯೋಚಿಸುವುದು? ಪ್ಯಾಕೆಟ್ಟಿನ ಮಾತು ಅದಕ್ಕೇ ಹೇಳಿದೆ.

ಆಂಟಿಬಯೋಟಿಕ್ ವಿಷಯದಲ್ಲಿ ನಮ್ಮವರಿಗೆ ಆತುರ ಜಾಸ್ತಿ. ಜ್ವರ ಬಂತು, ಎಕ್ಸ್‌ರೇ ಬೆಳ್ಳಗಿದೆ, ಇನ್ನೂ ಆಂಟಿಬಯೋಟಿಕ್ ಯಾಕೆ ಹಾಕಿಲ್ಲ ಎಂದು ಮನೆಯವರು ಕೇಳುತ್ತಾರೆ. ಮೊದಲ ಒಂದೆರಡು ದಿನದ ಜ್ವರ ಬಹಳ ಸಲ ಸುಟ್ಟ ಗಾಯದ ಜ್ವರ, ಕ್ರಿಮಿಗಳದ್ದಲ್ಲ. ಆಸ್ಪಿರೇಷನ್ ಆದ 200 ರೋಗಿಗಳನ್ನು ಹೋಲಿಸಿ ನೋಡಿದ ಕೆನಡಾದ ಒಂದು ಅಧ್ಯಯನ 2018ರಲ್ಲಿ ಬಂತು. ಮುಂಜಾಗ್ರತೆಗೆ ಆಂಟಿಬಯೋಟಿಕ್ ಕೊಟ್ಟವರಲ್ಲಿ ಸಾವು ಕಡಿಮೆಯಾಗಿರಲಿಲ್ಲ. ಹಾಗಾಗಿ 48 ಗಂಟೆ ಕಾದು ನೋಡಿ, ಸುಧಾರಿಸದಿದ್ದರೆ, ಕಫದಲ್ಲಿ ಕ್ರಿಮಿ ಬೆಳೆದರೆ ಶುರು ಮಾಡುವ ಕ್ರಮ ಇದೆ. ಪರಿಸ್ಥಿತಿ ಗಂಭೀರವಾಗಿದ್ದರೆ ವೈದ್ಯರು ಮೊದಲೇ ಶುರು ಮಾಡಿ, ಕ್ರಿಮಿ ಇಲ್ಲ ಎಂದು ಗೊತ್ತಾದ ಮೇಲೆ ನಿಲ್ಲಿಸಬಹುದು. ಎರಡೂ ಸರಿಯೇ. ಆಸ್ಪಿರೇಷನ್ ಆದ ಕೂಡಲೇ ಸ್ಟೆರಾಯ್ಡ್ ಕೊಟ್ಟರೆ ಲಾಭ ಎಂದು ಸಾಬೀತಾಗಿಲ್ಲ.

ಎಆರ್‌ಡಿಎಸ್ ಆಗಿಬಿಟ್ಟರೆ ಚಿಕಿತ್ಸೆ ಬೇರೆ ಎಆರ್‌ಡಿಎಸ್‌ನಂತೆಯೇ. ವೆಂಟಿಲೇಟರ್ ಪ್ರತಿ ಉಸಿರಿಗೂ ತಳ್ಳುವ ಗಾಳಿ ಕಡಿಮೆ ಇರಬೇಕು. 2000ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಇದನ್ನು ತೋರಿಸಿತು. ಕೆಜಿಗೆ 12 ಮಿಲಿಲೀಟರ್ ಗಾಳಿ ಕೊಟ್ಟವರಲ್ಲಿ ನೂರಕ್ಕೆ 40ರಷ್ಟು ಮಂದಿ ಸತ್ತರೆ, 6 ಮಿಲಿಲೀಟರ್ ಕೊಟ್ಟವರಲ್ಲಿ 31 ಮಂದಿ. ಆಕ್ಸಿಜನ್ ತೀರಾ ಕಡಿಮೆ ಇದ್ದರೆ ಬೋರಲು ಮಲಗಿಸುತ್ತಾರೆ. 2013ರ ಫ್ರಾನ್ಸಿನ ಅಧ್ಯಯನದಲ್ಲಿ ದಿನಕ್ಕೆ 16 ಗಂಟೆಯಷ್ಟು ಬೋರಲು ಮಲಗಿಸಿದಾಗ 28 ದಿನದೊಳಗಿನ ಸಾವು ನೂರಕ್ಕೆ 32.8ರಿಂದ 16ಕ್ಕೆ ಇಳಿದಿತ್ತು. ಅಪ್ಪನನ್ನು ಯಾಕೆ ಹೀಗೆ ಕವುಚಿ ಹಾಕಿದ್ದಾರೆ ಎಂದು ಐಸಿಯು ಗಾಜಿನಾಚೆ ನಿಂತು ಗಾಬರಿಯಾಗುವವರಿಗೆ ಇದು ಗೊತ್ತಿರಲಿ. ಬೆನ್ನಿನ ಕಡೆ ಒತ್ತಿಹೋದ ಶ್ವಾಸಕೋಶ ಬಿಚ್ಚಿಕೊಳ್ಳಲಿ ಎಂದು ಹಾಗೆ ಮಾಡುತ್ತಾರೆ.

ಇಷ್ಟೆಲ್ಲ ಆಗದ ಹಾಗೆ ನೋಡಿಕೊಳ್ಳುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ಪೂರ್ತಿ ಔಷಧವನ್ನು ಒಂದೇ ರಾತ್ರಿ ಕುಡಿಸದೆ ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಯ ದಿನ ಬೆಳಿಗ್ಗೆ ಕೊಡಬಹುದು. 2019ರ ಯುರೋಪಿನ ಮಾರ್ಗಸೂಚಿಯ ಪ್ರಕಾರ ಕೊನೆಯ ಭಾಗವನ್ನು ಪರೀಕ್ಷೆಗೆ ಮುಂಚಿನ 5 ಗಂಟೆಯೊಳಗೆ ಶುರು ಮಾಡಿ, ಕಡೇಪಕ್ಷ 2 ಗಂಟೆ ಮುಂಚೆ ಮುಗಿಸಬೇಕು. ಇದರಿಂದ ಕರುಳೂ ಚೆನ್ನಾಗಿ ತೊಳೆಯುತ್ತದೆ, ಹೊಟ್ಟೆಗೂ ಬಿಡುವು ಸಿಗುತ್ತದೆ. ಕುಡಿಯುವಾಗ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ. ಮುಗಿದ ಮೇಲೂ ಸ್ವಲ್ಪ ಹೊತ್ತು ಮಲಗಿಸಬೇಡಿ. ಓಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ, ವಾಂತಿ ತಡೆಯುವ ಮಾತ್ರೆ ಕೇಳಿ. ಆ ರಾತ್ರಿ ನಿದ್ದೆ ಮಾತ್ರೆ ಬೇಡ. ಕಡಿಮೆ ಪ್ರಮಾಣದ ಬೇರೆ ಔಷಧಗಳೂ ಇವೆ. ಆದರೆ ಸುಮ್ನೆ ಅಂಗಡಿಯಲ್ಲಿ ಕೇಳಿ ಬದಲಿಸಬೇಡಿ. ಕರುಳು ತೊಳೆಯುವ ಸೋಡಿಯಂ ಫಾಸ್ಫೇಟ್ ಔಷಧ ಕಿಡ್ನಿಗೆ ಹಾನಿ ಮಾಡಬಹುದು ಎಂದು ಎಫ್‌ಡಿಎ 2008ರಲ್ಲೇ ತೀವ್ರ ಎಚ್ಚರಿಕೆ ಕೊಟ್ಟಿದೆ.

ನುಂಗಲಾರದ, ತೀರಾ ಸೊರಗಿದ ಹಿರಿಯರ ವಿಷಯದಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಲೇಬೇಕು. ಈ ಪರೀಕ್ಷೆ ಈಗ ಬೇಕೇ ಬೇಕಾ? ರಕ್ತ ಹರಿಯುತ್ತಿದ್ದರೆ ಬೇಕು. ಸುಮ್ನೆ ಒಮ್ಮೆ ನೋಡಿಬಿಡೋಣ ಎಂಬುದಾದರೆ ಎಂಬತ್ತೈದು ದಾಟಿದವರಿಗೆ ಕ್ಯಾನ್ಸರ್ ತಪಾಸಣೆಯೇ ಬೇಡ ಎಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ತೊಂದರೆ ಕರುಳಿನ ಕೊನೆಯ ಭಾಗದಲ್ಲೇ ಇದೆ ಎಂಬ ಅನುಮಾನವಿದ್ದರೆ ಬರೀ ಎನಿಮಾ ಕೊಟ್ಟು ಸಿಗ್ಮಾಯ್ಡೋಸ್ಕೋಪಿ, ಅಂದರೆ ಆ ಭಾಗವನ್ನಷ್ಟೇ ದುರ್ಬೀನಿನಿಂದ ನೋಡುವ ಪರೀಕ್ಷೆ, ಮಾಡಬಹುದು. ಇದನ್ನು ಕೇಳುವುದು ವೈದ್ಯರ ಮೇಲೆ ಅಪನಂಬಿಕೆ ಅಲ್ಲ.

ಒಮ್ಮೆ ಹೀಗಾಗಿ ಗುಣವಾದವರು ಬಹಳ ಜನ ಮನೆಗೆ ಬರುತ್ತಾರೆ. ಉಸಿರಾಟದ ವ್ಯಾಯಾಮ, ಫಿಸಿಯೋಥೆರಪಿ, ಕೆಲವು ವಾರದ ನಂತರ ಮತ್ತೊಂದು ಎಕ್ಸ್‌ರೇ ಇರುತ್ತವೆ. ಕೊಲೊನೋಸ್ಕೋಪಿ ಮಾತ್ರ ಆಗದೆ ಉಳಿದಿರುತ್ತದೆ. ಅದು ಮತ್ತೆ ಯಾವತ್ತಾದರೂ, ಬೇರೆ ಆಸ್ಪತ್ರೆಯಲ್ಲಿ, ಬೇರೆ ವೈದ್ಯರ ಮುಂದೆ ಬರುತ್ತದೆ. ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಬರೀ 'ನ್ಯುಮೋನಿಯಾ' ಎಂದಿದ್ದರೆ ಅವರು ಅದೇ ಪ್ಯಾಕೆಟ್ಟನ್ನೇ ಬರೆದುಕೊಡುತ್ತಾರೆ. ಕರುಳು ತೊಳೆಯುವ ಔಷಧ ಶ್ವಾಸಕೋಶಕ್ಕೆ ಹೋಗಿ ಆದದ್ದು ಎಂದು ಔಷಧದ ಹೆಸರಿನ ಸಮೇತ ಬರೆಸಿಕೊಳ್ಳಿ. ಅದರ ಒಂದು ಫೋಟೊ ನಿಮ್ಮ ಫೋನಿನಲ್ಲೂ ಇರಲಿ.